ಕಣಿವೆಯ ಕನ್ಯೆ

ಮಾರ್ಚ್ 2, 1935. ಶನಿವಾರ, ಸಂಜೆ

ಬಿಸ್ಕಿಟ್ಟಿಗೆ ಹಿಟ್ಟು ಕಲಸಿಟ್ಟು, ಮೂರೂ ಮಕ್ಕಳನ್ನು ಅತ್ತೆಗೊಪ್ಪಿಸಿ ರೇಡಿಯೋ ಸ್ಟೇಷನ್ನಿಗೆ ಓಡಿದೆ. ಮಧ್ಯಾಹ್ನದ ಪ್ರೋಗ್ರಾಂ. ಮೈಕಿನ ಮುಂದೆ ನಾನು ಆರ್ಲೀನಾ ಅಲ್ಲ — ಕೆಂಟಕಿ ಬೆಟ್ಟಗಳ "ಕಣಿವೆಯ ಕನ್ಯೆ ಲಿಲಿ". ವಯಸ್ಸು ಹದಿನೆಂಟು. ಮೂವತ್ಮೂರು ಎಂದರೆ ಪ್ರೋಗ್ರಾಂ ನಡೆಸುವ ಕಂಪನಿಯ ಹಿಟ್ಟು ಮಾರಾಟವಾಗುವುದಿಲ್ಲವಂತೆ. ಪಿಟೀಲು ನುಡಿಸುವ ಆನ್ಸೆಲ್ ಅಲ್ಲಿ ನನ್ನ ಅಣ್ಣ, ಮನೆಗೆ ಬಂದರೆ ಗಂಡ. ಎಲ್ಲ ಅನೌನ್ಸರ್ ಪ್ರೂಯಿಟ್‌ನ ತಲೆ.

ನಾಲ್ಕನೆಯದು ಹೊಟ್ಟೆಯಲ್ಲಿದೆ. ಪ್ರೂಯಿಟ್‌ಗೆ ಇನ್ನೂ ಹೇಳಿಲ್ಲ. ಮುಚ್ಚಿಕೊಳ್ಳಲು ಕೋಟು ಇದೆ. ರೇಡಿಯೋದಲ್ಲಿ ಹೊಟ್ಟೆ ಕಾಣುವುದಿಲ್ಲವಲ್ಲ...

ಮಾರ್ಚ್ 16

ಅಂಚೆಯಲ್ಲಿ ಲಿಲಿಗೆ ಮತ್ತೊಂದು ವರ — ಕೇಳುಗನೊಬ್ಬನ ಕಾಗದ. ಎರಡು ಹೇಸರಗತ್ತೆ, ಸ್ವಂತ ಬಾವಿ. ಆನ್ಸೆಲ್ ಗಟ್ಟಿಯಾಗಿ ಓದಿ, "ಯೋಚ್ನೆ ಮಾಡು ಕಣೇ. ನಮ್ಮನೇಲಿ ಒಂದು ಕತ್ತೇನೂ ಇಲ್ಲ" ಎಂದ.

ಒಂದಿದೆಯಲ್ಲ, ಪಿಟೀಲು ಬಾರಿಸುತ್ತೆ, ಎಂದೆ.

ಏಪ್ರಿಲ್ 27

ಪ್ರೂಯಿಟ್‌ಗೆ ಗೊತ್ತಾಗಿ ತಿಂಗಳಾಯಿತು. ಹೊಟ್ಟೆಗೆ ತಾಗದಂತೆ ಮೈಕ್ ಎತ್ತರಿಸಿ ಕೊಡುತ್ತಾನೆ. ಇವತ್ತು ಬೆವೆತು ಬಂದ. ಹಿಟ್ಟಿನ ಕಂಪನಿಯವರು ಕೋರ್ಟಿನ ಮುಂದಿನ ಬಯಲಲ್ಲಿ ಲಿಲಿಯ ಷೋ ಇಟ್ಟಿದ್ದಾರೆ. ಲಿಲಿಯೆಂದು ಸಣಕಲು ಹುಡುಗಿಯೊಬ್ಬಳನ್ನು ನಿಲ್ಲಿಸುತ್ತಾನಂತೆ, ನಾನು ಪರದೆಯ ಹಿಂದೆ ಹಾಡಬೇಕಂತೆ. ಒಪ್ಪದಿದ್ದರೆ ಪ್ರೋಗ್ರಾಮೇ ಹೋದೀತು. ಗಣಿಯಲ್ಲಿ ಆನ್ಸೆಲ್‌ಗೆ ಸರಿಯಾಗಿ ಕೆಲಸವಿಲ್ಲ. ಹೂಂ ಎಂದು ಬಂದೆ.

ಮೇ 11

ನಕ್ಕೂ ನಕ್ಕೂ ಸಾಕಾಯಿತು.

ಬಯಲು ತುಂಬ ಜನ. ಪರದೆಯ ಸಂದಿಯಿಂದ ಇಣುಕಿದೆ. ನಾನು ಹಾಡುತ್ತಿದ್ದೇನೆ, ಪಿಟೀಲು ನುಡಿಸುವ ಆನ್ಸೆಲ್ ಪಕ್ಕದಲ್ಲಿ ಹುಡುಗಿ ಬಾಯಾಡಿಸುತ್ತಿದ್ದಾಳೆ, ಜನ ಅವಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅದು ಅವ್ವ ಬಟ್ಟೆ ಒಗೆಯುತ್ತ ಹಾಡುತ್ತಿದ್ದ ಹಾಡು. ತಡೆಯಲಾಗಲಿಲ್ಲ. ಹಾಡುತ್ತಲೇ ಪರದೆ ಸರಿಸಿದೆ. ಹೊಟ್ಟೆ ಮೊದಲು ಹೊರಬಂತು, ಆಮೇಲೆ ನಾನು.

ಹುಡುಗಿ, ಪಾಪ, ಪಕ್ಕಕ್ಕೆ ಸರಿದಳು. ಹಾಡು ಮುಗಿಸಿ ಹೇಳಿದೆ: "ಲಿಲಿ ಅಂದ್ರೆ ನಾನೇ. ಈ ಪಿಟೀಲಿನವ್ರು ನಮ್ಮಣ್ಣ ಅಲ್ಲ."

ಮುಂದಿನ ಸಾಲಿನ ಮುದುಕಿಯೊಬ್ಬಳು ಬಾಯಿಂದ ಪೈಪು ತೆಗೆದಳು. "ಅದು ಕಾಣ್ತಾ ಐತೆ ಬಿಡವ್ವ. ಇನ್ನೊಂದು ಹಾಡು."

ಬಯಲಿಗೆ ಬಯಲೇ ನಕ್ಕಿತು. ಸಾಕೆನ್ನುವವರೆಗೆ ಹಾಡಿಸಿದರು. ಮುಖ ಗಂಟಿಕ್ಕಿಕೊಂಡಿದ್ದ ಕಂಪನಿ ಯಜಮಾನ, ಮಾರಲು ಟ್ರಕ್ಕಿನಲ್ಲಿ ತಂದಿದ್ದ ಹಿಟ್ಟೆಲ್ಲ ಖಾಲಿಯಾದ ಮೇಲೆ ತಾನೇ ಬಂದು ಕೈಕುಲುಕಿದ.

ಜೂನ್ 1. ಮಧ್ಯಾಹ್ನ

ಅತ್ತೆ ಬೇಡವೆಂದರೂ ಹಾಡಿ ಬಂದೆ. ಪ್ರೂಯಿಟ್ ಈಗ ಎಷ್ಟು ಠೀವಿಯಿಂದ ಹೇಳುತ್ತಾನೆ — ಮೂರು ಮಕ್ಕಳ ತಾಯಿ ಆರ್ಲೀನಾ, ಪಿಟೀಲಿನಲ್ಲಿ ಆಕೆಯ ಪತಿ! ಆನ್ಸೆಲ್ ಕಿವಿಯವರೆಗೂ ಕೆಂಪಾದ. ಕೊನೆಯ ಹಾಡಿನಲ್ಲಿ ಒಳಗಿನಿಂದ ಒಂದು ಒದೆ. ಸ್ವರ ಎಲ್ಲಿಗೋ ಹಾರಿತು. ಕೇಳಿದವರು ಅದೂ ಹಾಡೇ ಅಂದುಕೊಂಡಿರಬೇಕು.

ಸೊಂಟದಲ್ಲಿ ನೋವು... ಮತ್ತೆ. ಈ ಸಲ ಜೋರು. ಅತ್ತೆ ಆಗಲೇ ಒಲೆಗೆ ನೀರಿಟ್ಟಿದ್ದಾರೆ. ಆನ್ಸೆಲ್ ಅಂಗಳದಲ್ಲಿ ಏನೋ ನುಡಿಸುತ್ತಿದ್ದಾನೆ, ಚೆನ್ನಾಗಿದೆ, ಇದನ್ನು ಮುಂದಿನ ಶನಿವಾರ ನಾವು—