ನಾಳೆಗೆಂದು ಎತ್ತಿಟ್ಟ ಅಳು

ದಾವಣಗೆರೆ
ಫೆಬ್ರವರಿ ಮೂವತ್ತು, ೨೧೮೭

ಚಿತ್ಕಲಾ,

ತಾರೀಕು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಹಳೆಯ ಟಿ.ವಿ. ಸುದ್ದಿಗಳಿಂದ ಕಲಿತವಳು, ಹಾಗಾಗಿ ಅಲ್ಲಲ್ಲಿ ಚೀರಾಟ ಕೇಳಿಸಬಹುದು. ಹಿಂದಿನವರಿಗೆ ಬರೆಯುವ ಅಂಚೆಗೆ ನಾವು ಹಿಂಟಪಾಲು ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಆಶೀರ್ವಾದ ಬೇಡುತ್ತಾರೆ. ನಾನು ಅದನ್ನು ನಿನ್ನ ಮೇಲೆ ಖರ್ಚು ಮಾಡುತ್ತಿದ್ದೇನೆ, ಆಶೀರ್ವಾದದ ಆಸೆಯಿಂದ ಅಂತೂ ಖಂಡಿತ ಅಲ್ಲ.

ನೀನೀಗ ಪತ್ರಿಕೋದ್ಯಮದ ಎರಡನೇ ವರ್ಷದ ವಿದ್ಯಾರ್ಥಿನಿ. ಚಾನೆಲ್ಲೊಂದರಲ್ಲಿ ಸಂಬಳವಿಲ್ಲದೆ ತರಬೇತಿಗೆ ಸೇರಿದ್ದೀ. ನಾಳೆ ಬೆಳಿಗ್ಗೆ ನಿನ್ನ ಮೇಲಿನವರು ಆಸ್ಪತ್ರೆಯ ಶವಾಗಾರಕ್ಕೆ ಕಳಿಸುತ್ತಾರೆ. "ಒಳ್ಳೆ ಬೈಟ್ ತಗಂಡ್ ಬಾ, ಕೆಲ್ಸ ಪಕ್ಕಾ" ಎನ್ನುತ್ತಾರೆ. ಅಲ್ಲಿ ಗೇಟಿನ ಬಳಿ ಒಬ್ಬ ಗಂಡಸು ಮಗುವಿನ ಚಪ್ಪಲಿ ಹಿಡಿದು ನಿಂತಿರುತ್ತಾನೆ. ಒಳಗೆ ಏನಾಗಿದೆಯೆಂದು ಅವನಿಗೆ ಆಗತಾನೆ ಹೇಳಿರುತ್ತಾರೆ. ಅವನಿನ್ನೂ ಅತ್ತಿರುವುದಿಲ್ಲ. ನೀನು ಅವನ ಗದ್ದಕ್ಕೆ ಮೈಕು ಹಿಡಿದು, "ಸರ್, ಈಗ ನಿಮಗೆ ಹೇಗನ್ನಿಸ್ತಿದೆ?" ಎಂದು ಕೇಳುತ್ತೀ. ಕೇಳಿ, ತಾಳ್ಮೆಯಿಂದ ಕಾಯುತ್ತೀ. ಅವನು ಚಪ್ಪಲಿಯನ್ನು ನೋಡುತ್ತಾನೆ, ನಿನ್ನನ್ನು ನೋಡುತ್ತಾನೆ, ಆಮೇಲೆ ಕುಸಿಯುತ್ತಾನೆ. ಮೈಕು ಹಿಡಿದ ನಿನ್ನ ಕೈ ಅವನ ಜೊತೆಗೇ ನೆಲದವರೆಗೂ ಇಳಿಯುತ್ತದೆ. ನಮ್ಮಲ್ಲಿ ಪತ್ರಕರ್ತರನ್ನು ತಯಾರಿಸುವ ಸುದ್ದಿಶಾಲೆಯಲ್ಲಿ ಇದು ಮೊದಲನೇ ಪಾಠ. ಮಕ್ಕಳಿಗೆ ನಿನ್ನ ಆ ಕೈ ಇಳಿಯುವ ರೀತಿಯನ್ನು ಮತ್ತೆ ಮತ್ತೆ ತೋರಿಸಿ ಅಭ್ಯಾಸ ಮಾಡಿಸುತ್ತಾರೆ.

ಈಗ ಸುದ್ದಿ ಬರೆಯುವುದಕ್ಕೆ ಮನುಷ್ಯರು ಬೇಕಿಲ್ಲ. ಬೆಳಿಗ್ಗೆ ನಾನು ಮಂಡಕ್ಕಿ ಕಲಸಿ ತಿನ್ನುವಷ್ಟರಲ್ಲಿ ಅಡುಗೆಮನೆಯ ಗೋಡೆಯೇ ಮಳೆ, ಮಾರುಕಟ್ಟೆ, ಮಂತ್ರಿಗಳ ಭಾಷಣ ಎಲ್ಲವನ್ನೂ ಓದಿ ಮುಗಿಸಿರುತ್ತದೆ. ಅದಕ್ಕೆ ಗೋಡೆಸುದ್ದಿ ಎನ್ನುತ್ತೇವೆ. ತಪ್ಪಿಲ್ಲದ, ಉಪ್ಪುಖಾರವಿಲ್ಲದ ಸುದ್ದಿ. ಯಂತ್ರಕ್ಕೆ ಬಾರದ ಕೆಲಸ ಒಂದೇ ಒಂದು, ಮನುಷ್ಯರನ್ನು ಅಳಿಸುವುದು. ಯಂತ್ರ ಕೇಳಿದರೆ ಜನ ಅಳುವುದಿಲ್ಲ, ಗೋಡೆಗೆ ಬೆನ್ನು ಹಾಕಿ ಕೂರುತ್ತಾರೆ. ಆದ್ದರಿಂದ ಪತ್ರಕರ್ತರ ಕೆಲಸ ಉಳಿದುಕೊಂಡಿತು. ಸುದ್ದಿಶಾಲೆಯಿಂದ ಹೊರಬೀಳುವ ಹುಡುಗರು, ಹುಡುಗಿಯರು ಒಂದು ಮೊದಲಳು ತಂದರೆ ಮಾತ್ರ ಅವರಿಗೆ ಕೆಲಸ. ಸತ್ತವರಿಗಾಗಿ ಮನೆಯವರು ಮೊಟ್ಟಮೊದಲು ಅಳುವ ಅಳುವಿಗೆ ಮೊದಲಳು ಎನ್ನುತ್ತಾರೆ. ಎರಡನೆಯದಕ್ಕೆ ಬೆಲೆಯಿಲ್ಲ. ಒರೆಗಲ್ಲು ಎಂಬ ಯಂತ್ರವು ಅಳುವವರ ಕಣ್ಣು ನೋಡಿ, ದನಿ ಕೇಳಿಯೇ ಇದು ಹೊಸ ಅಳುವೋ ಬಳಸಿದ ಅಳುವೋ ಎಂದು ಹೇಳಿಬಿಡುತ್ತದೆ.

ನನ್ನ ಮಗಳು ಬಿಂದುಶ್ರೀ ಈ ಶಾಲೆಯಲ್ಲಿ ಓದುತ್ತಾಳೆ. ಜಾಣೆ. ನಿನ್ನ ಕಂಚಿನ ಪ್ರತಿಮೆ ಶಾಲೆಯ ಮುಂದೆಯೇ ಇದೆ, ನನ್ನ ಕಿಟಕಿಗೂ ಕಾಣುತ್ತದೆ. ಪರೀಕ್ಷೆಯ ಹಿಂದಿನ ದಿನ ಮಕ್ಕಳು ಅದರ ಮೈಕಿಗೆ ಹೂವು ಮುಡಿಸುತ್ತಾರೆ. ಅವಳ ಜೊತೆಯವರೆಲ್ಲ ಕೆಲಸ ಹಿಡಿದರು, ಇವಳೊಬ್ಬಳೇ ಉಳಿದಿದ್ದಳು. ಏಕೆಂದು ಕೇಳಿದರೆ, "ಇನ್ನೂ ಟೈಮ್ ಬಂದಿಲ್ಲಮ್ಮ" ಎನ್ನುತ್ತಿದ್ದಳು. ಬೇರೆಯವರ ಮನೆಗೆ ಹೋಗಿ ಅಳಿಸಲು ಹಿಂಜರಿಯುತ್ತಿದ್ದಾಳೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅಷ್ಟಾದರೂ ಕರುಳಿದೆ ಎಂದು ನಾನು ಹಿಗ್ಗಿದ್ದೆ.

ಹೋದ ತಿಂಗಳು ನನ್ನ ಮಗ ಮಧುಕೇಶ ಭದ್ರಾ ನಾಲೆಯಲ್ಲಿ ಕಾಲು ಜಾರಿ ಹೋಗಿಬಿಟ್ಟ. ಮನೆಗೆ ತಂದಾಗ ನನ್ನ ಬಾಯಿ ತೆರೆದಿತ್ತು, ಅಳು ಗಂಟಲಿಗೆ ಬಂದಿತ್ತು. ಬಿಂದು ಓಡಿ ಬಂದು ನನ್ನನ್ನು ಎದೆಗೆ ಒತ್ತಿಕೊಂಡಳು. "ಅಳಬ್ಯಾಡಮ್ಮ, ನಾನಿದೀನಲ್ಲ" ಎಂದಳು. ಆವತ್ತಿನಿಂದ ನನ್ನ ಕಣ್ಣು ತುಂಬಿದಾಗಲೆಲ್ಲ ಅವಳು ಹಾಜರು. ಮಾತು ಮರೆಸುವಳು, ಬಿಸಿ ಕಾಫಿ ಕೊಡುವಳು, ಮಧುವಿನ ಅಂಗಿಗಳನ್ನು ನನ್ನ ಕಣ್ಣಿಗೆ ಬೀಳದಂತೆ ಎತ್ತಿಟ್ಟಳು. ಗೆಳತಿಯರು ಹೆಣದ ಮುಂದೆಯೇ ಅವಳ ಕೈ ಕುಲುಕಿದಾಗ ಸಮಾಧಾನ ಹೇಳುತ್ತಿದ್ದಾರೆಂದುಕೊಂಡೆ. ಇಂಥ ಮಗಳು ಯಾರಿಗುಂಟು ಎಂದು ಉಬ್ಬಿದೆ. ನನ್ನಷ್ಟು ದಡ್ಡಿ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹಾಲಮ್ಮ ಮೊಸರು ಕೇಳಲು ಬಂದಳು. ಅವಳ ಮಗ ಹೋದ ವರ್ಷವೇ ಅದೇ ಶಾಲೆಯಲ್ಲಿ ಪಾಸಾದವನು. ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಇನ್ನೂ ಅತ್ತಿಲ್ಲ ತಾನೆ? ಪುಣ್ಯಾತ್ಗಿತ್ತಿ! ನಮ್ಮತ್ತಿ ಸತ್ತಾಗ ನಾನು ಮೂರೇ ದಿನಕ್ಕೆ ಸೋತುಬಿಡ್ತಿದ್ದೆ, ಹುಡುಗ ಬಾಯಿಗೆ ಬಟ್ಟೆ ತುರುಕಿ ಉಳಿಸ್ದ. ನಾಳೆನೇ ಪರೀಕ್ಷೆ, ಇವತ್ತೊಂದಿನ ತಡ್ಕ ಮಾರಾಯ್ತಿ, ಬಿಂದು ಬದುಕು ದಡ ಸೇರ್ತತಿ" ಎಂದಳು. ಆಗ ತಿಳಿಯಿತು. ಪರರ ಮನೆಗೆ ನುಗ್ಗುತ್ತಾರೆಂದು ಜನ ದೂರಿದ್ದರಿಂದ ಶಾಲೆ ಎರಡು ವರ್ಷದ ಹಿಂದೆಯೇ ನಿಯಮ ಬದಲಿಸಿತ್ತಂತೆ. ಮೊದಲಳು ಇನ್ನು ಸ್ವಂತ ಮನೆಯದೇ ಆಗಬೇಕು. ಸಾವಾಗದ ಮನೆಯ ಮಕ್ಕಳು ಕಾಯಬೇಕು. ನನ್ನ ಬಿಂದು ಕಾಯುತ್ತಿದ್ದುದು ಇದಕ್ಕೆ.

ಅವಳೀಗ ಕ್ಯಾಮೆರಾ ತರಲು ಶಾಲೆಗೆ ಹೋಗಿದ್ದಾಳೆ. ನಾಳೆ ನಾನು ಉಡಬೇಕಾದ ನೀಲಿ ಸೀರೆಯನ್ನು ಇಸ್ತ್ರಿ ಮಾಡಿಸಿ ಮಂಚದ ಮೇಲಿಟ್ಟಿದ್ದಾಳೆ. ಅದರ ಪಕ್ಕದಲ್ಲಿ ಮಧುವಿನ ಅಂಗಿಯೊಂದನ್ನು ಮಡಿಸಿಟ್ಟಿದ್ದಾಳೆ. ಒಗೆದಿಲ್ಲ. ಅವನ ವಾಸನೆ ಇನ್ನೂ ಇದೆ. ನಾಳೆ ಪ್ರಶ್ನೆ ಕೇಳುವಾಗ ನನ್ನ ಕೈಗೆ ಕೊಡಲಿಕ್ಕೆ. ನೀನು ಕಲಿಸಿದ ಆ ಚಪ್ಪಲಿಯ ಪಾಠವನ್ನು ಅವಳು ಚೆನ್ನಾಗಿಯೇ ಓದಿಕೊಂಡಿದ್ದಾಳೆ.

ಚಿತ್ಕಲಾ, ನನ್ನದೊಂದೇ ಬೇಡಿಕೆ. ನಾಳೆ ಮೈಕನ್ನು ಚೀಲಕ್ಕೆ ಹಾಕಿ, ಆ ಗಂಡಸಿನ ಪಕ್ಕದಲ್ಲಿ ಸುಮ್ಮನೆ ನಿಂತುಬಿಡು. ನಿನಗೆ ಕೆಲಸ ಸಿಗಲಿಕ್ಕಿಲ್ಲ. ಹಾಳಾಗಿ ಹೋಗಲಿ. ಆಗ ಈ ಪಾಠವೂ ಆ ಪ್ರತಿಮೆಯೂ ಇರುವುದಿಲ್ಲ, ನನ್ನ ಮಗಳು ಮನೆಗೆ ಬಂದು ಅಣ್ಣನಿಗಾಗಿ ನನ್ನ ಜೊತೆ ಅಳುತ್ತಾಳೆ.

ಇಷ್ಟು ಬರೆದು ಕಿಟಕಿಯಿಂದ ನೋಡಿದೆ. ಪ್ರತಿಮೆ ಅಲ್ಲೇ ಇದೆ, ಮೈಕಿಗೆ ಇವತ್ತಿನ ಹೂವೂ ಇದೆ. ನನ್ನ ಮಗಳು ಮುಡಿಸಿದ್ದಿರಬೇಕು. ಅಂದರೆ ನೀನು ಈ ಪತ್ರ ಓದಿಯೂ ಆ ಗಂಡಸಿಗೆ ಆ ಪ್ರಶ್ನೆ ಕೇಳಿದೆ.

ಬಾಗಿಲಿಗೆ ಚಿಲಕ ಹಾಕಿ, ಮಧುವಿನ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ. ಯಾರಿಗೂ ಸಿಗದಂತೆ, ಹೊಟ್ಟೆ ನೋಯುವಷ್ಟು ಅತ್ತೆ. ಈಗ ಬಿಂದು ಬಾಗಿಲು ಬಡಿಯುತ್ತಿದ್ದಾಳೆ. ತೆರೆದರೆ ನನ್ನ ಕಣ್ಣು ನೋಡಿದ ತಕ್ಷಣ ಅವಳಿಗೆ ಗೊತ್ತಾಗುತ್ತದೆ. ಮರುಪರೀಕ್ಷೆ ಕಟ್ಟಬಹುದು, ಆದರೆ ಅದಕ್ಕೆ ಇದೇ ಮನೆಯಲ್ಲಿ ಇನ್ನೊಂದು ಸಾವಾಗಬೇಕು. ಮನೆಯಲ್ಲಿ ಉಳಿದವರು ನಾವಿಬ್ಬರೇ. ನನಗಾಗಿ ಅಳುವುದಕ್ಕೆ ಹರಿಹರದಲ್ಲಿ ನನ್ನ ತಂಗಿ ಇದ್ದಾಳೆ.

ಬಾಗಿಲು ತೆರೆಯಲು ಹೋಗುತ್ತಿದ್ದೇನೆ.

ಸಾವಂತ್ರಮ್ಮ