ಗೌಂಡಿ ಮಾನಪ್ಪನ ಸಹಿ ಯಾರದು?

ಪಣಜಿಯ ಫಂಡ್ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಈ ಪತ್ರದಲ್ಲಿ ಹುಡುಕಬೇಡಿ. ನನ್ನ ಗಂಡ ಮಾನಪ್ಪ ಮಡಗಾಂವದಲ್ಲಿ ಇಪ್ಪತ್ತಾರು ವರ್ಷ ಗೌಂಡಿ ಕೆಲಸ ಮಾಡಿದವರು. ಮುಪ್ಪಿಗೆ ಬೇಕೆಂದು ನಿಮ್ಮ ಫಂಡ್‌ನಲ್ಲಿ ಏಳು ವರ್ಷ ಹಣ ಹಾಕಿದರು. ಮೊಣಕಾಲು ಸೋತು, ಇನ್ನು ಸಾರವೆ ಹತ್ತಲಾರೆ ಎಂದು ತಮ್ಮ ಹಣವನ್ನು ವಾಪಸು ಕೇಳಿದಾಗ, ಅರ್ಜಿಯ ಮೇಲಿನ ಸಹಿ ಮಾನಪ್ಪನದಲ್ಲ ಎಂದು ನೀವು ಬರೆದಿರಿ. ಎಂಟು ತಿಂಗಳು ಅದನ್ನೇ ಬರೆದಿರಿ. ಎಂಟನೆಯ ತಿಂಗಳಲ್ಲಿ ಅವರು ಸಾರವೆಯಿಂದ ಬಿದ್ದು ಸತ್ತರು.

ನಾನು ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಮದುವೆಯಾಗಿ ಮಡಗಾಂವದ ಮೋತಿ ಡೊಂಗರ್ ಗುಡ್ಡಕ್ಕೆ ಬಂದ ಮೇಲೆ, ಕಲಿತದ್ದು ಮರೆಯಬಾರದೆಂದು ದಿನಕ್ಕೆ ನಾಲ್ಕು ಸಾಲು ಬರೆದಿಡುವುದು ಅಭ್ಯಾಸವಾಯಿತು. ಆದ್ದರಿಂದ ತಾರೀಖುಗಳ ವಿಷಯದಲ್ಲಿ ನನ್ನೊಡನೆ ವಾದಕ್ಕೆ ಬರಬೇಡಿ. ಹೆಚ್ಚು ಮಾತಾಡುವವಳು ನಾನಲ್ಲ. ಬಹಿರಂಗವಾಗಿ ಬರೆಯುವ ಆಸೆಯೂ ಇರಲಿಲ್ಲ. ಅವರು ಹೋದ ಮೇಲೆ ನಿಮ್ಮ ಹೆಸರಿಗೇ ಖಾಸಗಿಯಾಗಿ ಐದು ಸಲ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ನಾವು ನಿಮ್ಮ ಫಂಡನ್ನು ಕಣ್ಣು ಮುಚ್ಚಿ ಆರಿಸಲಿಲ್ಲ ಎನ್ನುವುದನ್ನು ಮೊದಲು ತಿಳಿಯಿರಿ. ದಿನಗೂಲಿಯವರಿಗೆ ಪಿಂಚಣಿ ಇಲ್ಲ. ಕೈ ನಿಂತ ದಿನ ಒಲೆಯೂ ನಿಲ್ಲುತ್ತದೆ. ಅದಕ್ಕೇ ೧೯೮೯ರಲ್ಲಿ ನಮ್ಮ ಓಣಿಯ ಹದಿನೈದು ಮನೆಯವರು ಭಾನುವಾರಕ್ಕೊಮ್ಮೆ ನಳದ ಕಟ್ಟೆಯ ಬಳಿ ಸೇರತೊಡಗಿದೆವು. ನಾನು ಪೇಪರ್ ಓದಿ ಹೇಳುತ್ತಿದ್ದೆ. ಯಾವ ಫಂಡ್ ಎಷ್ಟು ವರ್ಷದ್ದು, ಎಷ್ಟು ಕೊಟ್ಟಿದೆ ಎಂದು ಉಳಿದವರು ಚರ್ಚಿಸುತ್ತಿದ್ದರು. ವೆಲ್ಡರ್ ಜಹಾಂಗೀರನ ಲೆಕ್ಕಾಚಾರ ಸರಳವಾಗಿತ್ತು. "ಫಂಡ್ ಅಂದ್ರ ಮುಕಾದಮ್ ಇದ್ದಂಗ ನೋಡ್ರಿ. ಬ್ಯಾಸಿಗ್ಯಾಗ ಎಲ್ಲಾರೂ ಪಗಾರ ಕೊಡತಾರ. ಮಳಿಗಾಲದಾಗ ಕೆಲಸ ನಿಂತಾಗ ಖರ್ಚಿಗೆ ಕೊಡತಾನಲ್ಲ, ಅಂವ ಖರೇ ಮುಕಾದಮ್." ಅಂದರೆ ಫಂಡ್ ಗೆದ್ದ ವರ್ಷವನ್ನು ಬಿಟ್ಟು ಸೋತ ವರ್ಷವನ್ನು ನೋಡಬೇಕು. ಬಳೆ ಮಾರುವ ಶರೀಫಾ, ನಡೆಸುವವರು ತಮ್ಮ ಸ್ವಂತ ಹಣವನ್ನು ಎಲ್ಲಿ ಇಟ್ಟಿದ್ದಾರೆ ಎಂದು ಮೊದಲು ಕೇಳಿ ಎನ್ನುತ್ತಿದ್ದಳು. ನಿಮ್ಮ ನುಣುಪು ಕಾಗದದ ಪುಸ್ತಿಕೆಯ ಹದಿನಾರು ಪುಟಗಳಲ್ಲಿ ಈ ಎರಡೂ ಮಾತುಗಳಿಲ್ಲ.

ನಮ್ಮವರದು ಬೇರೆಯೇ ಪರೀಕ್ಷೆ. ಒಂದು ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಪಣಜಿಗೆ ಹೋಗಿ, ನಿಮ್ಮ ಕಚೇರಿಯ ಗೋಡೆಗಳನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ ಬಂದರು. "ಗಿಲಾವ್ ಗಟ್ಟಿ ಐತಿ. ಒಂದ ಕಡೆನೂ ಟೊಳ್ಳ ಇಲ್ಲ," ಎಂದು ಭಾನುವಾರ ವರದಿ ಕೊಟ್ಟರು. ಶರೀಫಾ ಬಿಡಲಿಲ್ಲ. "ಮಾನಪ್ಪಣ್ಣ, ಆ ಕಟ್ಟಡ ಭಾಡಿಗಿದು. ಮಾಲಕ ಬ್ಯಾರೆ ಅದಾನ." ಇವರು, "ಭಾಡಿಗಿ ಕೊಡಾಕರ ರೊಕ್ಕ ಐತಲ್ಲ," ಎಂದರು. ಎಲ್ಲರೂ ನಕ್ಕರು. ಪುಸ್ತಿಕೆಯಲ್ಲಿ ಇಲ್ಲದ್ದನ್ನು ನಿಮ್ಮ ಏಜೆಂಟನಿಂದ ಕೇಳಿ ತಿಳಿದೆವು. ಕೊನೆಗೆ ಮೂರು ಪರೀಕ್ಷೆಗಳಲ್ಲೂ ಪಾಸಾದದ್ದು ನಿಮ್ಮದೇ. ನಿಮ್ಮ ಫಂಡ್ ಒಳ್ಳೆಯದೇ ಇತ್ತು, ಇಂದಿಗೂ ಇಲ್ಲವೆನ್ನುವುದಿಲ್ಲ. ಹಣ ಬೆಳೆಯಿತು. ಆದರೆ ಬೆಳೆದ ಹಣವನ್ನು ಕೇಳಲು ಹೋದಾಗ ಯಾವ ಮುಖ ಎದುರಾಗುತ್ತದೆ ಎಂದು ಪರೀಕ್ಷಿಸುವುದನ್ನು ನಾವು ಹದಿನೈದು ಮನೆಯವರೂ ಮರೆತೆವು.

ಆಗ ನಮ್ಮವರಿಗೆ ಸಹಿ ಬರುತ್ತಿರಲಿಲ್ಲ. ಮೊದಲ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ೧೯೯೨ರ ಜನವರಿ ೧೯, ಭಾನುವಾರ, ನೀವೇ ನಮ್ಮ ಗುಡ್ಡ ಹತ್ತಿ ಬಂದಿರಿ. ಇಷ್ಟು ಬಡವರು ಇಷ್ಟು ತಿಳಿವಳಿಕೆಯಿಂದ ಚರ್ಚಿಸುವುದನ್ನು ಕಂಡು ಹೊಗಳಿದಿರಿ, ಫೋಟೋ ತೆಗೆಸಿಕೊಂಡಿರಿ. ನೀವು ಹಿಂದಿಯಲ್ಲಿ ಹೇಳಿದಿರಿ, ನಾನು ಕನ್ನಡದಲ್ಲಿ ಬರೆದುಕೊಂಡೆ: "ಒಳ್ಳೆಯ ಫಂಡ್ ಬೇಕೆನ್ನುವವನು ಮೊದಲು ಒಳ್ಳೆಯ ಹೂಡಿಕೆದಾರನಾಗಬೇಕು. ಹೆಬ್ಬೆಟ್ಟು ಬಿಡಿ, ಸಹಿ ಕಲಿಯಿರಿ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮವರು. ಅವತ್ತು ಸಂಜೆಯೇ ಪಾಟಿ ತಂದರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಲಿಯುವುದು ಸುಲಭವಲ್ಲ. ಕರಣೆ ಹಿಡಿದ ಕೈಗೆ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಮೂರು ಅಕ್ಷರಕ್ಕೆ ಐದು ತಿಂಗಳು ಹಿಡಿಯಿತು. ಕೆಲಸದ ಜಾಗದಲ್ಲಿ ಹಸಿ ಗಿಲಾವಿನ ಮೇಲೆ ಹೆಸರು ಬರೆದು, ಮುಕಾದಮ್ ಬರುವುದರೊಳಗೆ ಒರೆಸಿಬಿಡುತ್ತಿದ್ದರಂತೆ. ಅಲ್ಲಿಂದ ಮುಂದೆ ನಾಲ್ಕು ವರ್ಷ, ಹಣ ಹಾಕುವ ಪ್ರತಿ ಫಾರ್ಮಿಗೂ ಸಹಿಯನ್ನೇ ಮಾಡಿದರು. ಒಂದು ಫಾರ್ಮನ್ನಾದರೂ ನೀವು ತಿರುಗಿಸಿ ಕಳಿಸಿದಿರಾ? ಹಣ ಒಳಗೆ ಬರುವಾಗ ಹೊಂದುತ್ತಿದ್ದ ಸಹಿ ಹೊರಗೆ ಹೋಗುವಾಗ ಏಕೆ ಹೊಂದಲಿಲ್ಲ? ನಿಮ್ಮ ಕಚೇರಿಯ ಕನ್ನಡಕ ಒಂದೇ ದಿಕ್ಕಿಗೆ ಕಾಣುತ್ತದೆಯೇ?

೧೯೯೬ರ ಮಾರ್ಚಿನಲ್ಲಿ ಹಣ ಕೇಳಿ ಅರ್ಜಿ ಕಳಿಸಿದೆವು. ಸಹಿ ಹೊಂದುವುದಿಲ್ಲವೆಂದು ತಿರುಗಿ ಬಂತು. ಏಪ್ರಿಲ್ ೧೧ರಂದು ಇಬ್ಬರೂ ಪಣಜಿಗೆ ಬಂದೆವು. ನಿಮ್ಮ ಗುಮಾಸ್ತರು ಕಡತ ತೆಗೆದು ನೋಡಿ, "ನಮ್ಮ ದಾಖಲೆ ಪ್ರಕಾರ ಮಾನಪ್ಪನಿಗೆ ಸಹಿ ಬರುವುದಿಲ್ಲ," ಎಂದರು.

"ಆಗ ಬರತಿದ್ದಿಲ್ರಿ ಸಾಹೇಬ್ರ. ಈಗ ಬರತೈತ್ರಿ. ಕಲತೇನ್ರಿ," ಎಂದು ನಮ್ಮವರು ಅವರ ಎದುರಿಗೇ ಬರೆದು ತೋರಿಸಿದರು.

"ಬರೆದದ್ದು ಸರಿ. ನೀನೇ ಮಾನಪ್ಪ ಎನ್ನಲು ಏನು ಆಧಾರ?"

ಹಾಗಾದರೆ ಹೆಬ್ಬೆಟ್ಟೇ ಒತ್ತುತ್ತೇನೆ ಎಂದರು. ಒತ್ತಿದರು. ಕಾಗದದ ಮೇಲೆ ಬರಿಯ ನೀಲಿ ಮಚ್ಚೆ ಮೂಡಿತು, ಒಂದು ಗೆರೆಯೂ ಇರಲಿಲ್ಲ. ಇಪ್ಪತ್ತಾರು ವರ್ಷ ಸುಣ್ಣ, ಸಿಮೆಂಟು ಕಲಸಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಆ ಗೆರೆಗಳನ್ನೆಲ್ಲ ಗೋವೆಯ ಅರ್ಧ ಹೋಟೆಲುಗಳ ಗೋಡೆಗೆ ಹಚ್ಚಿ ಬಂದಿದ್ದರು. ಗುಮಾಸ್ತರು ಮೂರು ಸಲ ಒತ್ತಿಸಿ, ಹೆಬ್ಬೆಟ್ಟೂ ಹೊಂದುವುದಿಲ್ಲ, ಮುಂಬಯಿಗೆ ಕಳಿಸಿ ವಿಚಾರಣೆ ಮಾಡಬೇಕು ಎಂದು ಬರೆದರು. ನಿಮ್ಮನ್ನು ಕಾಣಬೇಕು, ಸಾಹೇಬರು ನಮ್ಮನ್ನು ಗುರುತಿಸುತ್ತಾರೆ ಎಂದು ನಾನೇ ಕೇಳಿಕೊಂಡೆ. ನೀವು ಒಳಗೇ ಇದ್ದಿರಿ. ಮೀಟಿಂಗ್ ಎಂದರು. ನಾಲ್ಕು ಗಂಟೆ ಕಾದೆವು. ಬಾಗಿಲು ಎರಡು ಸಲ ತೆರೆಯಿತು, ಚಹಾ ಒಳಗೆ ಹೋಯಿತು. ಬಸ್ಸಿನಲ್ಲಿ ಮರಳುವಾಗ ನಮ್ಮವರು, "ನೀ ಕಲಿಸಬಾರದಿತ್ತ ನೋಡ ಭಾಗೀ. ಶಾಣ್ಯಾ ಆಗಿ ಕೆಟ್ಟೆ," ಎಂದು ನಕ್ಕರು. ನಾನು ನಗಲಿಲ್ಲ. ಒಂದಿಷ್ಟು ನಕ್ಕಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ಮಳೆಗಾಲವಿಡೀ ನಿಮ್ಮ ಕಾಗದದ ದಾರಿ ನೋಡಿದೆವು. ಬಂದ ಎರಡು ಕಾಗದಗಳಲ್ಲೂ ಅದೇ ಮಾತು: ಸಹಿ ಹೊಂದುವುದಿಲ್ಲ, ವಿಚಾರಣೆ ಬಾಕಿ. ಮಳೆ ನಿಂತು ಕಟ್ಟಡದ ಕೆಲಸ ಶುರುವಾದಾಗ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಹೊರಟರು. ನವೆಂಬರ್ ೧೪ರಂದು ಕೋಲ್ವಾ ಕಡೆಯ ಒಂದು ಕಟ್ಟಡದ ಎರಡನೆಯ ಮಹಡಿಯ ಸಾರವೆಯಿಂದ ಬಿದ್ದರು. ಜಹಾಂಗೀರ ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ದಾರಿಯಲ್ಲೇ ಹೋದರು. ಅವತ್ತಿನ ಪುಟದಲ್ಲಿ ತಾರೀಖು ಮಾತ್ರ ಇದೆ.

ಈಗ ನಿಮ್ಮ ಕಚೇರಿಯ ಚುರುಕುತನವನ್ನು ಹೊಗಳಬೇಕು. ಸಾವಿನ ದಾಖಲೆ ಇಟ್ಟು ವಾರಸುದಾರಳಾಗಿ ನಾನು ಅರ್ಜಿ ಹಾಕಿದೆ. ಹದಿನೇಳನೆಯ ದಿನಕ್ಕೆ ಚೆಕ್ ಬಂತು. ಬದುಕಿದ್ದಾಗ ಎಂಟು ತಿಂಗಳಲ್ಲಿ ಮಾನಪ್ಪ ಎಂದು ನೀವು ಒಪ್ಪದ ಮನುಷ್ಯನನ್ನು ಸತ್ತ ಮೇಲೆ ಹದಿನೇಳೇ ದಿನಗಳಲ್ಲಿ ಒಪ್ಪಿದಿರಿ. ಸತ್ತವನು ಮಾನಪ್ಪ ಹೌದಾದರೆ, ನಿಮ್ಮ ಮೇಜಿನ ಮುಂದೆ ನಿಂತು ಮೂರು ಸಲ ಹೆಬ್ಬೆಟ್ಟು ಒತ್ತಿದವನು ಯಾರು? ಮುಪ್ಪಿನ ಯೋಜನೆ ಎಂದು ಹೆಸರಿಟ್ಟಿದ್ದೀರಿ. ಮುಪ್ಪು ಬರುವುದರೊಳಗೆ ಸತ್ತವರಿಗೆ ಮಾತ್ರ ಬೇಗ ಕೊಡುತ್ತೇವೆಂದು ಪುಸ್ತಿಕೆಯಲ್ಲಿ ಏಕೆ ಅಚ್ಚು ಹಾಕಿಸಲಿಲ್ಲ?

ಆ ಹಣವನ್ನು ಬೇಡವೆಂದು ತಿರುಗಿಸುವಷ್ಟು ದೊಡ್ಡವಳಲ್ಲ ನಾನು. ತೆಗೆದುಕೊಂಡೆ. ಅದರಲ್ಲೇ ಸ್ವಲ್ಪ ಖರ್ಚು ಮಾಡಿ ಈ ಪತ್ರವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿದ್ದೇನೆ. ನಿಮ್ಮ ದುಡ್ಡು ಎಂದು ನೀವು ತಿಳಿದಿದ್ದ ನಮ್ಮ ದುಡ್ಡು ಇದಕ್ಕೇ ಖರ್ಚಾಗುತ್ತಿದೆ ಎಂದು ತಿಳಿದು ನಿಮಗೆ ಸಂಕಟವಾಗಲಿ. ನಮ್ಮ ಭಾನುವಾರದ ಸಭೆ ಈಗಲೂ ನಡೆಯುತ್ತದೆ. ಹದಿನೈದು ಮನೆಗಳಲ್ಲಿ ಹನ್ನೊಂದು ಮನೆಯವರು ನಿಮ್ಮಲ್ಲಿಂದ ಹಣ ತೆಗೆದಿದ್ದಾರೆ, ಉಳಿದವರು ಅರ್ಜಿ ಬರೆಸುತ್ತಿದ್ದಾರೆ. ಬರೆದುಕೊಡುವವಳು ನಾನೇ. ನಿಮ್ಮ ಏಜೆಂಟ್ ಮೊನ್ನೆ ಬಂದು, ಅಕ್ಕಾ, ಆದದ್ದು ಆಗಿಹೋಯಿತು, ಈ ಮನೆಗಳೇ ನನ್ನ ಅನ್ನ ಎಂದು ಬೇಡಿಕೊಂಡ. ಅವನ ಮೇಲೆ ಕನಿಕರ ಬಂತು. ಕನಿಕರ ಬಂದರೂ ಬರೆಯುವುದನ್ನು ನಿಲ್ಲಿಸಲಿಲ್ಲ.

ಏಪ್ರಿಲ್ ಒಂದರಿಂದ ನೀವು ಹೊಸ ನಿವೃತ್ತಿ ಯೋಜನೆಯನ್ನು ಮಾರುತ್ತೀರೆಂದು ಪೇಪರಿನಲ್ಲಿ ಓದಿದೆ. ಅದಕ್ಕೂ ಮೊದಲು ನನಗೆ ಒಂದು ಹಾಳೆ ಬೇಕು. ಪರಿಹಾರ ಬೇಡ, ಸಂತಾಪವೂ ಬೇಡ. "೧೯೯೬ರ ಮಾರ್ಚಿನ ಅರ್ಜಿಯ ಮೇಲಿರುವ ಸಹಿ ಮಾನಪ್ಪನದೇ, ಅದನ್ನು ಅವರು ಕಲಿತು ಬರೆದದ್ದು, ಅಲ್ಲವೆಂದು ನಾವು ಬರೆದದ್ದು ಸುಳ್ಳು." ಇಷ್ಟನ್ನು ನಿಮ್ಮ ಕೈಯಿಂದ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಕಳಿಸಿ. ನನ್ನ ಗಂಡ ಸುಳ್ಳು ಸಹಿ ಮಾಡಿದವನೆಂದು ನಿಮ್ಮ ಕಡತದಲ್ಲಿ ಉಳಿಯಕೂಡದು. ಆ ಹಾಳೆ ಬರದಿದ್ದರೆ ಏಪ್ರಿಲ್ ಒಂದರ ಬೆಳಿಗ್ಗೆ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ಫಾರ್ಮು ತುಂಬಲು ಬಂದ ಪ್ರತಿಯೊಬ್ಬರಿಗೂ ಈ ಪತ್ರವನ್ನು ಓದಿ ಹೇಳುತ್ತೇನೆ. ಇದನ್ನು ಬೆದರಿಕೆ ಎಂದೇ ಓದಿಕೊಳ್ಳಿ. ಸಾವಿರ ಪ್ರತಿ ಇವೆ. ನನಗೆ ಬೇರೆ ಕೆಲಸವಿಲ್ಲ.

ಇಂತಿ,
ಚೆಕ್ ಪಡೆಯುವಾಗ ಮೊದಲ ಸಲಕ್ಕೇ ಸಹಿ ಹೊಂದಿದವಳು,
ಭಾಗವ್ವ, ಮಾನಪ್ಪನ ಹೆಂಡತಿ
ಮೋತಿ ಡೊಂಗರ್, ಮಡಗಾಂವ್
ಫೆಬ್ರವರಿ ೨೩, ೧೯೯೭