ಕಾಣದ ನಾಲ್ಕನೇ ಕಾರ್ಡು

ಹುಡುಗಿಯರ ಹಾಸ್ಟೆಲ್, ಹೊಸಪೇಟೆ
೯ ಅಕ್ಟೋಬರ್ ೨೦೨೫

ಪ್ರೀತಿಯ ತಾತಾ,

ಮೊಣಕಾಲು ನೋವು ಈಗ ಹೇಗಿದೆ? ಸಂಡೂರಿನ ಅತ್ತೆ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮನೆ ಹತ್ತಿ ಇಳಿಯಬೇಡ. ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಅರ್ಧವೇ ಕೇಳುತ್ತದೆ, ಅದಕ್ಕೇ ಈ ಕಾಗದ. ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳ ಕನ್ನಡ ಇದು, ತಪ್ಪಿದ್ದರೆ ಅತ್ತೆ ನಗಲಿ ಬಿಡು. ನಾನು ಆರಾಮಾಗಿದ್ದೇನೆ. ನೀನು ಕಟ್ಟಿಕೊಟ್ಟ ವಿಭೂತಿ ಗಟ್ಟಿ ಟ್ರಂಕಿನಲ್ಲಿದೆ, ದಿನಾ ಹಚ್ಚಿಕೊಂಡೇ ಕ್ಲಾಸಿಗೆ ಹೋಗುತ್ತೇನೆ.

ನಮ್ಮ ಲ್ಯಾಬಿನಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದೆ. ಸೀನಿಯರ್‌ಗಳು ಹಂಪಿಯ ಮಂಟಪಗಳ ಸಾವಿರಾರು ಫೋಟೋ ಕೊಟ್ಟರೆ ಅವನ್ನೆಲ್ಲ ಜೋಡಿಸಿ, ಸುತ್ತಲೂ ತಿರುಗಿಸಿ ನೋಡುವಂಥ ಒಂದೇ ಚಿತ್ರ ಮಾಡುತ್ತದೆ. ಆ ಭಾರದ ಕೆಲಸಕ್ಕೆ ಒಳಗೆ ನಾಲ್ಕು ಗ್ರಾಫಿಕ್ಸ್ ಕಾರ್ಡ್ ಇವೆ, ನೀನು ಮೋಟರ್ ರಿಪೇರಿ ಮಾಡುತ್ತಿದ್ದ ಕಂಪ್ಲಿ ರೈಸ್ ಮಿಲ್ಲಿನಲ್ಲಿ ಒಂದೇ ಸಾಲಿಗೆ ನಾಲ್ಕು ಮೋಟರ್ ಇದ್ದ ಹಾಗೆ. ಆಯುಧಪೂಜೆಗೆಂದು ಅವನ್ನು ಬಿಚ್ಚಿ, ಧೂಳು ತೆಗೆದು ಮತ್ತೆ ಕೂರಿಸಿದ್ದೆವು. ರಜೆ ಮುಗಿಸಿ ಬಂದು ಆನ್ ಮಾಡಿದರೆ ಮೂರೇ ತೋರಿಸಿತು. ನಾಲ್ಕನೆಯದರ ಫ್ಯಾನ್ ತಿರುಗುತ್ತದೆ, ಸ್ಕ್ರೀನಿನಲ್ಲಿ ಹೆಸರೇ ಇಲ್ಲ! ಲ್ಯಾಬ್ ನೋಡಿಕೊಳ್ಳುವ ನಾಗಭೂಷಣ ಸಾರ್ ಅವರ ಸಿಟ್ಟೆಲ್ಲ ಅಟೆಂಡರ್ ಪಂಪಣ್ಣನ ಮೇಲೆ ಹೋಯಿತು. "ಹಸಿ ಬಟ್ಟಿ ತಂದು ಒರೆಸಂತ ನಿನಗ ಯಾರು ಹೇಳಿದ್ರು?" "ಹೊರಗಷ್ಟ ಒರೆಸೀನ್ರಿ ಸಾರ್, ಒಳಗ ಕೈ ಹಾಕಿಲ್ರಿ" ಎಂದು ಪಂಪಣ್ಣ ಹೇಳಿದರೂ ಸಾರ್ ಕೇಳಲಿಲ್ಲ. ಕಡ್ಡಿರಾಂಪುರದಿಂದ ಸೈಕಲ್ ತುಳಿದು ಬರುವ ಮನುಷ್ಯ, ಗುತ್ತಿಗೆ ಕೆಲಸ. ಸೋಮವಾರದಿಂದ ಬರುವುದೇ ಬೇಡ ಎಂದುಬಿಟ್ಟರು. ನನಗೆ ಊಟ ಸೇರಲಿಲ್ಲ ತಾತಾ.

ಸೀನಿಯರ್ ಅಂಜಲಿ ಅಕ್ಕ ಎರಡು ದಿನ ಕೇಬಲ್ ಬದಲಿಸಿದಳು, ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದಳು, ಎಲ್ಲ ಒಟ್ಟೊಟ್ಟಿಗೆ. ಆಗ ನೀನು ಮಿಲ್ಲಿನವರಿಗೆ ಬೈಯುತ್ತಿದ್ದದ್ದು ನೆನಪಾಯಿತು: "ಎಲ್ಲಾ ಒಮ್ಮೆಲೇ ಮುಟ್ಟಬ್ಯಾಡ್ರಲೇ! ಓಡೋ ಮೋಟರ್ ತಂದು ನಿಂತದ್ದರ ಜಾಗಕ್ಕ ಹಚ್ಚಿ ನೋಡ್ರಿ." ಹೆದರುತ್ತಲೇ ಅಕ್ಕನಿಗೆ ಅದನ್ನೇ ಹೇಳಿದೆ. ಕರೆಂಟ್ ತೆಗೆದು ಮೊದಲನೇ ಕಾರ್ಡು, ನಾಲ್ಕನೇ ಕಾರ್ಡು ಅದಲು ಬದಲು ಮಾಡಿದೆವು. ನಾಲ್ಕನೇ ಜಾಗದಲ್ಲಿ ಮೊದಲನೆಯದು ಸರಿಯಾಗಿ ಕಂಡಿತು. ನಾಲ್ಕನೆಯದು ಎಲ್ಲಿಟ್ಟರೂ ಕಾಣದು. ತಪ್ಪಿರುವುದು ಕಾರ್ಡಿನಲ್ಲೇ. ಬೆಳಕಿಗೆ ಹಿಡಿದರೆ, ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಏನೋ ಬಿಳಿ ಪುಡಿ ಒಣಗಿ ಅಂಟಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿದೆವು, ನಾಲ್ಕೂ ಬಂದವು! "ಮಸ್ತ್ ಐತಿ ನಿಮ್ಮ ತಾತನ ಐಡಿಯಾ, ಅವರನ್ನೇ ಲ್ಯಾಬಿಗೆ ಕರಸೋಣು" ಎಂದಳು ಅಂಜಲಿ ಅಕ್ಕ. ಸಾರ್ ಮಾತ್ರ, ಅದು ಪಂಪಣ್ಣನ ಬಟ್ಟೆಯ ಚಾಕ್ ಪುಡಿಯೇ ಎಂದರು. ಅಷ್ಟಾದರೂ ಪಂಪಣ್ಣ ನನಗೊಂದು ಬಾಳೆಹಣ್ಣು ತಂದುಕೊಟ್ಟು "ನೀ ಭಾಳ ಶ್ಯಾಣೇಕಿ ಅವ್ವಾ, ಮಷೀನ್ ಉಳಿಸಿದಿ" ಎಂದರು. ಆ ಹಣ್ಣು ಮೇಜಿನ ಮೇಲೇ ಇದೆ.

ರಜೆಯಲ್ಲಿ ಮಿಲ್ಲಿಗೆ ಕರೆದೊಯ್ದು, ಹುಡುಗಿಗ್ಯಾಕೆ ಎನ್ನದೆ ನನ್ನ ಕೈಗೆ ಟೆಸ್ಟರ್ ಕೊಟ್ಟೆಯಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಬೇಕೆಂದು ಇಷ್ಟು ವರ್ಷ ಹೊಳೆದಿರಲೇ ಇಲ್ಲ. ಅತ್ತೆಗೆ ನನ್ನ ನಮಸ್ಕಾರ ಹೇಳು. ನಿನ್ನ ಪಾದಕ್ಕೆ ಇಲ್ಲಿಂದಲೇ ಹಣೆ ಮುಟ್ಟಿಸಿದ್ದೇನೆ.

ನಿನ್ನ ಮೊಮ್ಮಗಳು,
ಶಾಂಭವಿ

ತಾತಾ, ಇನ್ನೊಂದು: ಅದು ಚಾಕ್ ಪುಡಿಯಲ್ಲ, ನಿನ್ನ ವಿಭೂತಿ. ಕಾರ್ಡುಗಳು ಮೇಜಿನ ಮೇಲೆ ಸಾಲಾಗಿದ್ದಾಗ, ನೀನು ಮೋಟರ್‌ಗಳಿಗೆ ಹಚ್ಚುತ್ತಿದ್ದ ಹಾಗೆ ಬೆರಳು ಒದ್ದೆ ಮಾಡಿ ಮೂರು ಗೆರೆ ಎಳೆದೆ. ಆ ಚಿನ್ನದ ಅಂಚೇ ಅದರ ಹಣೆ ಅಂದುಕೊಂಡಿದ್ದೆ. ಒಂದಕ್ಕೆ ಹಚ್ಚುವಷ್ಟರಲ್ಲಿ ಯಾರೋ ಬಂದರು. ಸಹಿ ಹಾಕಿದ ಮೇಲೆ ಕವರ್ ಅಂಟಿಸಲು ಮನಸ್ಸಾಗದೆ, ಸಾರ್ ಹತ್ತಿರ ಹೋಗಿ ಎಲ್ಲ ಹೇಳಿ ಈಗ ತಾನೇ ಬಂದೆ. ಸಾರ್ ಪಂಪಣ್ಣನನ್ನು ಕರೆಸಿ, ನನ್ನೆದುರೇ "ನಂದ ತಪ್ಪಾತು ಪಂಪಣ್ಣ, ಸೋಮವಾರ ಬಾ" ಎಂದರು. ಪಂಪಣ್ಣ ನನ್ನ ಕಡೆ ತಿರುಗಿ "ಮುಂದಿನ ವರ್ಷ ನನ್ನ ಸೈಕಲ್ಲಿಗೆ ಹಚ್ಚವ್ವಾ, ಅದಕ್ಕ ಏನೂ ಆಗಂಗಿಲ್ಲ" ಎಂದು ನಕ್ಕರು. ಬಾಳೆಹಣ್ಣು ಈಗ ತಿಂದೆ.